ಮಾತ್ರೆ-ಮಾತು: ಕಡಲಡಿಯ ಉಸಿರಿಗೊಂದು ರೆಗ್ಯುಲೇಟರ್

ಪ್ರತಿ ವರ್ಷ ಈ ಅಂಕಣದಲ್ಲಿ ನಾವು ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಊರಿನಿಂದ ಔಷಧಿ ತರುವಾಗ ಜೊತೆಗಿರಬೇಕಾದ ಚೀಟಿ, ಸೈಟಿನ ಬಿಸಿಲಲ್ಲಿ ನೀರು ಉಪ್ಪಿನ ಲೆಕ್ಕ ಇಂಥವನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲದ ವಿಷಯ ಸ್ವಲ್ಪ ಆಚೆಯದು. ಸ್ಕೂಬಾ ಡೈವಿಂಗ್ ಮಾಡುವವರು ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸಾಧನವಿದೆಯಲ್ಲ, ರೆಗ್ಯುಲೇಟರ್, ಅದನ್ನು ಆರಿಸುವುದು ಹೇಗೆ, ಕಾಪಾಡುವುದು ಹೇಗೆ ಎಂಬುದು.

ಔಷಧಿ ಕೊಡುವವರಿಗೆ ಇದರ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಕಾರಣ ಎರಡು. ಒಂದು, ಮೊದಲಿನ ಹಾಗೆ ಇದು ಬಿಳಿಯರ, ಹಣವಂತರ ಆಟವಾಗಿ ಉಳಿದಿಲ್ಲ. ನಮ್ಮ ಸಂಘದಲ್ಲೇ ಸ್ಟೋರ್ ಕೀಪರ್ ಇದ್ದಾರೆ, ನರ್ಸ್ ಇದ್ದಾರೆ, ಎಸಿ ಕೆಲಸದವರಿದ್ದಾರೆ. ತಿಂಗಳಿಗೊಮ್ಮೆ ಕಾರಿನ ಪೆಟ್ರೋಲು ಹಂಚಿಕೊಂಡು ಫುಜೈರಾ ಕಡೆಗೆ ಹೊರಡುತ್ತಾರೆ. ಇನ್ನೊಂದು, ಒತ್ತಡದ ಸಿಲಿಂಡರ್, ಅದರ ಮೇಲಿನ ವಾಲ್ವ್, ಅದರಿಂದ ಬರುವ ಉಸಿರು, ಇವು ಆಸ್ಪತ್ರೆಯವರಾದ ನಮಗೆ ದಿನನಿತ್ಯದ ನೆಂಟರು. ಆಮ್ಲಜನಕವೂ ನಮ್ಮ ಲೆಕ್ಕದಲ್ಲಿ ಔಷಧಿಯೇ.

ಈ ಕಡಲಲ್ಲಿ ಮುಳುಗುವುದು ಹೊಸತಲ್ಲ. ಎಣ್ಣೆ ಸಿಗುವ ಮೊದಲು ದುಬೈ, ಅಬುಧಾಬಿಗಳು ಬದುಕಿದ್ದೇ ಮುತ್ತಿನ ಮೇಲೆ. ಮೂಗಿಗೆ 'ಫಿತಾಮ್' ಎಂಬ ಕ್ಲಿಪ್ಪು ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿಯುವವನು 'ಗೈಸ್'. ಮೇಲೆ ದೋಣಿಯಲ್ಲಿ ಹಗ್ಗ ಹಿಡಿದು ಅವನನ್ನು ಎಳೆದುಕೊಳ್ಳುವವನು 'ಸೈಬ್'. ಬೇಸಿಗೆಯ ನಾಲ್ಕು ತಿಂಗಳು ಅದೇ ಕೆಲಸ, ಸಾಲದ ಮೇಲೆ ಸಾಲ. ಜಪಾನಿನ ಸಾಕಿದ ಮುತ್ತು ಪೇಟೆಗೆ ಬಂದು, 1929ರ ನಂತರ ಜಗತ್ತಿನ ವ್ಯಾಪಾರವೂ ಕುಸಿದು, ಆ ಬದುಕು ಮುಗಿಯಿತು. ಅವರದು ಹಿಡಿದಿಟ್ಟ ಉಸಿರು, ಒಂದೆರಡು ನಿಮಿಷದ್ದು. ನಮ್ಮದು ಬೆನ್ನ ಮೇಲೆ ಹೊತ್ತೊಯ್ಯುವ ಉಸಿರು.

ಹೊತ್ತೊಯ್ಯಲು ಸಾಧ್ಯವಾದದ್ದು 1943ರಲ್ಲಿ. ಫ್ರಾನ್ಸಿನ ನೌಕಾಪಡೆಯ ಜಾಕ್ ಕುಸ್ಟೊ ಮತ್ತು ಏರ್ ಲಿಕ್ವಿಡ್ ಎಂಬ ಅನಿಲ ಕಂಪೆನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಮಾಡಿದ 'ಆಕ್ವಾಲಂಗ್' ಇಂದಿನ ರೆಗ್ಯುಲೇಟರಿನ ಅಜ್ಜ. ನಮಗೆ ಇದರಲ್ಲಿ ಇಷ್ಟವಾಗುವ ಸಂಗತಿ ಬೇರೆ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಫ್ರಾನ್ಸಿನಲ್ಲಿ ಕಾರುಗಳನ್ನು ಗ್ಯಾಸಿನಿಂದ ಓಡಿಸುತ್ತಿದ್ದರು. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ಒಂದು ವಾಲ್ವ್ ಗಾನ್ಯಾನರ ಬಳಿ ಇತ್ತು. ಅದನ್ನೇ ಮನುಷ್ಯನ ಎದೆಗೆ ಹೊಂದಿಸಿದರು. ಎಳೆದಷ್ಟೇ ಕೊಡು, ಎಳೆಯದಿದ್ದರೆ ಸುಮ್ಮನಿರು: ರೆಗ್ಯುಲೇಟರಿನ ಕೆಲಸ ಇಂದಿಗೂ ಇಷ್ಟೆ.

ವಾರ್ಡಿನಲ್ಲಿ ಆಮ್ಲಜನಕದ ಸಿಲಿಂಡರ್ ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಗುಂಡು ತಿರುಗಿಸಿ ನಿಮಿಷಕ್ಕೆ 2 ಲೀಟರ್ ಎಂದಿಟ್ಟರೆ ರೋಗಿ ಉಸಿರು ಎಳೆದರೂ ಬಿಟ್ಟರೂ ಅದು ಹರಿಯುತ್ತಲೇ ಇರುತ್ತದೆ. ಹೆರಿಗೆ ನೋವಿಗೆ ಕೊಡುವ ಎಂಟೊನಾಕ್ಸ್ ಹಾಗಲ್ಲ. ತಾಯಿ ತಾನೇ ಮಾಸ್ಕ್ ಹಿಡಿದು ಉಸಿರು ಎಳೆದಾಗ ಮಾತ್ರ ವಾಲ್ವ್ ತೆರೆದು ಅನಿಲ ಬರುತ್ತದೆ. ಡೈವಿಂಗಿನದು ಈ ಎರಡನೆಯ ಜಾತಿ.

ಡೈವಿಂಗ್ ಸಿಲಿಂಡರಿನೊಳಗೆ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಸಿಲಿಂಡರಿಗೆ ಬಿಗಿಯುವ ಲೋಹದ ಗಟ್ಟಿ ಭಾಗ ಫಸ್ಟ್ ಸ್ಟೇಜ್. ಅದು ಆ 200ನ್ನು ಸುತ್ತಲ ನೀರಿನ ಒತ್ತಡಕ್ಕಿಂತ 8ರಿಂದ 10 ಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸುತ್ತದೆ. ಇದಕ್ಕೆ ನಡು ಒತ್ತಡ ಎನ್ನೋಣ. ಅಲ್ಲಿಂದ ಪೈಪಿನಲ್ಲಿ ಬಂದ ಗಾಳಿಯನ್ನು ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ನೀರಿನ ಒತ್ತಡಕ್ಕೆ ಸರಿಸಮ ಮಾಡಿ ಕೊಡುತ್ತದೆ. ಜೊತೆಗೆ ಉದ್ದ ಪೈಪಿನ, ಹೆಚ್ಚಾಗಿ ಹಳದಿ ಬಣ್ಣದ ಇನ್ನೊಂದು ಸೆಕೆಂಡ್ ಸ್ಟೇಜ್ ನೇತಾಡುತ್ತಿರುತ್ತದೆ. ಅದು ಆಕ್ಟೋಪಸ್, ಗಾಳಿ ಮುಗಿದ ಜೊತೆಗಾರನಿಗೆ ಕೊಡುವುದು.

ಇದರ ಬೆಲೆ ತಿಳಿಯಬೇಕಾದರೆ ಆಳದ ಲೆಕ್ಕ ಮಾಡಬೇಕು. ದುಬೈ ಮತ್ತು ಉಮ್ಮಲ್ ಕುವೈನ್ ನಡುವಿನ ಕಡಲಲ್ಲಿ 20 ಮೀಟರಿನ ಆಸುಪಾಸಿನಲ್ಲಿ 'ದಾರಾ' ಹಡಗಿನ ಅವಶೇಷ ಮಲಗಿದೆ. ನಮ್ಮ ಹಿಂದಿನ ತಲೆಮಾರಿನವರು ವಿಮಾನಕ್ಕೆ ಮೊದಲು ಗಲ್ಫಿಗೆ ಬಂದದ್ದು ಮುಂಬಯಿಯಿಂದ ಹೊರಡುತ್ತಿದ್ದ ಇಂಥ ಹಡಗುಗಳಲ್ಲೇ. 1961ರ ಏಪ್ರಿಲ್ 8ರ ಬೆಳಗಿನ ಜಾವ ದುಬೈಯ ಹೊರಗಿನ ಕಡಲಲ್ಲಿ ಅದು ಸ್ಫೋಟಗೊಂಡು ಉರಿಯಿತು. 238 ಜನ ಸತ್ತರು. ಎರಡು ದಿನದ ಮೇಲೆ, ಎಳೆದೊಯ್ಯುವಾಗ ಮುಳುಗಿತು. ಅಷ್ಟು ಆಳದಲ್ಲಿ ಒತ್ತಡ 3 ಬಾರ್. ಅಂದರೆ ಒಂದೊಂದು ಉಸಿರಿಗೂ ಮೇಲಿನ ಮೂರು ಪಟ್ಟು ಗಾಳಿ ಖರ್ಚು. ಮಾಮೂಲಿ ಅಲ್ಯುಮಿನಿಯಂ ಸಿಲಿಂಡರಿನಲ್ಲಿ ಇರುವುದು ಸುಮಾರು 2,300 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ತಾಸಿನ ಹತ್ತಿರ ಬರುತ್ತದೆ. 20 ಮೀಟರಿನಲ್ಲಿ 38 ನಿಮಿಷಕ್ಕೆ ಖಾಲಿ. ಮೇಲೆ ಬರಲು 50 ಬಾರ್ ಉಳಿಸಬೇಕೆಂಬ ಲೆಕ್ಕ ಹಿಡಿದರೆ ಇನ್ನೂ ಕಡಿಮೆ. ಗಾಳಿ ಮೂರು ಪಟ್ಟು ದಪ್ಪವಾಗಿರುವುದರಿಂದ ಎಳೆಯುವುದೂ ಕಷ್ಟ. ಒಳ್ಳೆಯ ರೆಗ್ಯುಲೇಟರ್ ಆ ಕಷ್ಟವನ್ನು ಗೊತ್ತಾಗದಂತೆ ನುಂಗುತ್ತದೆ. ಕೆಟ್ಟದ್ದು ಎದೆಯ ಮೇಲೆ ಕೂತ ಹಾಗೆ ಮಾಡುತ್ತದೆ. ಉಸಿರು ಸಾಲದೆನಿಸಿದ ಮನುಷ್ಯ ನೀರಿನಡಿಯಲ್ಲಿ ಮಾಡುವ ಮೊದಲ ಕೆಲಸ ಗಾಬರಿಯಾಗಿ ಮೇಲಕ್ಕೆ ನುಗ್ಗುವುದು. ಪುಪ್ಪುಸಕ್ಕೆ ಅಪಾಯ ಬರುವುದು ಆಗ.

ಕಳೆದ ಚಳಿಗಾಲದಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ನಮ್ಮ ಬಳಿ ಬಂದ. ಅಬುಧಾಬಿಯಲ್ಲಿ ಎಸಿ ಟೆಕ್ನಿಷಿಯನ್. ಇನ್ನೊಂದೂವರೆ ವರ್ಷಕ್ಕೆ ಊರಿಗೆ ಹಿಂತಿರುಗುವುದೆಂದು ತೀರ್ಮಾನಿಸಿದ್ದಾನೆ. ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಡೈವಿಂಗ್ ಕಡೆ ಕೆಲಸಕ್ಕೆ ಸೇರಬೇಕೆಂಬುದು ಅವನ ಆಸೆ. ಪುನೀತ್ ರಾಜಕುಮಾರ್ ಅವರ 'ಗಂಧದ ಗುಡಿ' 2022ರ ಅಕ್ಟೋಬರಿನಲ್ಲಿ ತೆರೆಗೆ ಬಂದಾಗ ನೇತ್ರಾಣಿಯ ನೀರಿನೊಳಗೆ ಅಪ್ಪು ಇಳಿದದ್ದನ್ನು ನೋಡಿದ ಮೇಲೆ ಹುಟ್ಟಿದ ಆಸೆಯಂತೆ. ಇಲ್ಲಿ ಕೋರ್ಸು ಕಟ್ಟಿ, ಒಂದೊಂದೇ ಹಂತ ದಾಟುತ್ತಿದ್ದಾನೆ. ಕೈಯಲ್ಲಿ ಒಂದು ಚೀಲ.

"ಅಣ್ಣ, ಆನ್‌ಲೈನಲ್ಲಿ ಐನೂರು ದಿರ್ಹಮಿಗೆ ಸಿಕ್ತು. ಆಕ್ಟೋಪಸ್ಸೂ ಉಂಟು, ಗೇಜೂ ಉಂಟು. ಹೇಗುಂಟು ನೋಡಿ."

ಹೊರಗಿನಿಂದ ಮಿರಮಿರ ಮಿಂಚುತ್ತಿತ್ತು. ಮಾರಿದವರು ರೂಮಿನಲ್ಲಿ ಸಿಲಿಂಡರಿಗೆ ಸಿಕ್ಕಿಸಿ ನಾಲ್ಕು ಉಸಿರು ಎಳೆದು ತೋರಿಸಿದ್ದರಂತೆ, ಚೆನ್ನಾಗಿಯೇ ಬಂತಂತೆ. ರೂಮಿನಲ್ಲಿ ಯಾವುದು ಬರುವುದಿಲ್ಲ? ನಾವು ಫಸ್ಟ್ ಸ್ಟೇಜಿನ ಬಾಯಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆವು. ಗಾಳಿ ಒಳಹೋಗುವಲ್ಲಿ ಲೋಹದ ಪುಡಿಯನ್ನು ಒತ್ತಿ ಮಾಡಿದ ಒಂದು ಪುಟ್ಟ ಫಿಲ್ಟರ್ ಇರುತ್ತದೆ, ಬಟನ್ನಿನಷ್ಟು. ಅದು ಬೆಳ್ಳಗೆ ಹೊಳೆಯಬೇಕು. ಇವನದರಲ್ಲಿ ಹಸಿರು ಹಿಡಿದಿತ್ತು. ಹಸಿರು ಎಂದರೆ ಉಪ್ಪುನೀರು ಒಳಗೆ ಹೋಗಿ ಹಿತ್ತಾಳೆಯನ್ನು ತಿಂದಿದೆ ಎಂದರ್ಥ. ಕೆಂಪು ಕಂದು ಬಣ್ಣವಿದ್ದರೆ ಯಾವುದೋ ಸ್ಟೀಲ್ ಸಿಲಿಂಡರಿನ ತುಕ್ಕು. ಕಪ್ಪು ಪುಡಿಯಿದ್ದರೆ ಗಾಳಿ ತುಂಬಿದ ಕಂಪ್ರೆಸರಿನ ಇದ್ದಿಲು ಸೋರಿರಬಹುದು. ನಮ್ಮ ಕಡೆ ನಾಲಗೆ ನೋಡಿ ಹೊಟ್ಟೆಯ ವಿಷಯ ಹೇಳುವ ಹಿರಿಯ ವೈದ್ಯರಿದ್ದರಲ್ಲ, ಹಾಗೆ ಈ ಫಿಲ್ಟರ್.

ಡೈವಿಂಗ್ ಸೆಂಟರಿನ ಟೆಕ್ನಿಷಿಯನ್ ಬಳಿ ಕೊಂಡೊಯ್ದಾಗ ಉಳಿದದ್ದೂ ಹೊರಬಿತ್ತು. ಗೇಜ್ ಹಾಕಿ ನಡು ಒತ್ತಡ ನೋಡಿದರೆ ಮುಳ್ಳು ಒಂದು ಕಡೆ ನಿಲ್ಲದೆ ನಿಧಾನ ಏರುತ್ತಲೇ ಇತ್ತು. ಅಂದರೆ ಒಳಗಿನ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಹೀಗಾದಾಗ ಸ್ವಲ್ಪ ಹೊತ್ತಿಗೆ ಸೆಕೆಂಡ್ ಸ್ಟೇಜ್ ತಾನೇ ಸುಯ್ಯೆಂದು ಗಾಳಿ ಬಿಡಲು ತೊಡಗುತ್ತದೆ. ಸರ್ವಿಸ್ ಕಿಟ್, ಕೂಲಿ, ಹೊಸ ಪೈಪು ಸೇರಿಸಿದರೆ ಕೊಟ್ಟ ಐನೂರನ್ನು ಮೀರುತ್ತಿತ್ತು. ಮೇಲಾಗಿ ಆ ಮಾದರಿಯ ಬಿಡಿಭಾಗ ಈಗ ಬರುವುದೇ ಇಲ್ಲ ಎಂದರು. ಹುಡುಗ ಏನೂ ಮಾತಾಡಲಿಲ್ಲ. ಆ ತಿಂಗಳು ಮನೆಗೆ ಕಳಿಸುವ ಹಣದಲ್ಲಿ ಕಡಿತ ಮಾಡಿ ಕೊಂಡದ್ದೆಂದು ಆಮೇಲೆ ತಿಳಿಯಿತು.

ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ ಎನ್ನುತ್ತೇವೆಯೇ? ಇಲ್ಲ. ಇದು ಜನ ಎರಡು ವರ್ಷಕ್ಕೊಮ್ಮೆ ಮನೆ ಖಾಲಿ ಮಾಡಿ ಹೊರಡುವ ಊರು. ಹೊರಡುವವರು ಒಳ್ಳೆಯ ಸಾಮಾನನ್ನೇ ಅರ್ಧ ಬೆಲೆಗೆ ಬಿಟ್ಟುಹೋಗುತ್ತಾರೆ. ಆದರೆ ಬೆಲೆ ಕೇಳುವ ಮೊದಲು ಸರ್ವಿಸಿನ ಚೀಟಿ ಕೇಳಿ. ಸೀರಿಯಲ್ ನಂಬರ್ ಬರೆದುಕೊಂಡು ಆ ಮಾದರಿಗೆ ಬಿಡಿಭಾಗ ಇನ್ನೂ ಬರುತ್ತದೆಯೇ, ಕಂಪೆನಿ ಹಿಂದಕ್ಕೆ ಕರೆಸಿಕೊಂಡ ಮಾಲೇ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಫಿಲ್ಟರ್ ನೋಡಿ. ಪೈಪುಗಳನ್ನು ಲೋಹಕ್ಕೆ ಸೇರುವ ಕಡೆ ಬಗ್ಗಿಸಿ, ಬಿರುಕಿದೆಯೇ ನೋಡಿ. ಪೈಪಿನ ಮೇಲೆ ರಬ್ಬರಿನ ಕಾವಲು ಇದ್ದರೆ ಹಿಂದಕ್ಕೆ ಸರಿಸಿ; ಬಿರುಕು ಅಡಗಿರುವುದು ಅದರಡಿಯಲ್ಲೇ. ಕೊನೆಗೆ ಸೆಕೆಂಡ್ ಹ್ಯಾಂಡ್ ಬೆಲೆಗೆ ಪೂರ್ತಿ ಸರ್ವಿಸಿನ ಖರ್ಚನ್ನು ಕೂಡಿಸಿ. ಆ ಮೊತ್ತವೇ ನಿಜವಾದ ಬೆಲೆ. ಮಾರುವವರು "ಈಗಷ್ಟೇ ಸರ್ವಿಸ್ ಮಾಡಿಸಿದ್ದು" ಎಂದರೂ ಚೀಟಿ ಇಲ್ಲದಿದ್ದರೆ ಮಾಡಿಸಿಲ್ಲ ಎಂದೇ ಲೆಕ್ಕ. ಚೀಟಿ ಇಲ್ಲದೆ ನಾವು ಕೌಂಟರಿನಲ್ಲಿ ಆಂಟಿಬಯೋಟಿಕ್ ಕೊಡುತ್ತೇವೆಯೇ?

ಹೊಸದನ್ನು ಕೊಳ್ಳುವವರಿಗೆ ಅಂಗಡಿಯಲ್ಲಿ ಹೇಳುವ ಮಾತುಗಳೆಲ್ಲ ಇಲ್ಲಿನ ನೀರಿಗೆ ಹೊಂದುವುದಿಲ್ಲ. ಹಿಮದಂಥ ತಣ್ಣೀರಿನಲ್ಲಿ ಹೆಪ್ಪುಗಟ್ಟದ ರೆಗ್ಯುಲೇಟರ್ ಎಂದು ಹೆಚ್ಚು ಹಣ ಕೇಳುತ್ತಾರೆ. ನಮ್ಮ ಕಡಲು ಬೇಸಿಗೆಯಲ್ಲಿ 30 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲೂ 20ರ ಮೇಲೇ. ನಾದ್ ಅಲ್ ಶೆಬಾದ ಡೀಪ್ ಡೈವ್ ದುಬೈ ಕೊಳ, 2021ರಲ್ಲಿ ತೆರೆದದ್ದು, 60 ಮೀಟರ್ ಆಳವಿದ್ದರೂ ನೀರು 30 ಡಿಗ್ರಿ. ಹಿಮದ ಹೆಸರಲ್ಲಿ ಹಣ ಕೊಡಬೇಡಿ. ಆದರೆ ಇಲ್ಲೊಂದು ತಿರುವಿದೆ. ತಣ್ಣೀರಿಗಾಗಿ ಫಸ್ಟ್ ಸ್ಟೇಜಿನ ಹೊರಭಾಗವನ್ನು ಮುಚ್ಚಿರುತ್ತಾರೆ, ನೀರು ಒಳಗಿನ ಸ್ಪ್ರಿಂಗ್ ಮುಟ್ಟುವುದಿಲ್ಲ. ಈ ಮುಚ್ಚಿಗೆ ನಮಗೆ ಬೇರೆ ಕಾರಣಕ್ಕೆ ಒಳ್ಳೆಯದು. ಅರಬ್ಬಿ ಕೊಲ್ಲಿಯ ನೀರು ಮಹಾಸಾಗರದ್ದಕ್ಕಿಂತ ಉಪ್ಪು. ಮಾಮೂಲಿ ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ 40ರ ಮೇಲೆ. ಜೊತೆಗೆ ಮರಳು. ಮುಚ್ಚಿದ ಫಸ್ಟ್ ಸ್ಟೇಜಿನೊಳಗೆ ಇವೆರಡೂ ಹೋಗುವುದಿಲ್ಲ.

ಪಿಸ್ಟನ್ ಮಾದರಿಯೇ ಡಯಾಫ್ರಾಮ್ ಮಾದರಿಯೇ ಎಂಬ ಜಗಳ ಡೈವರುಗಳಲ್ಲಿ ಹಳೆಯದು. ಪಿಸ್ಟನ್ನಿನಲ್ಲಿ ಭಾಗಗಳು ಕಡಿಮೆ, ಗಾಳಿ ಧಾರಾಳ, ಆದರೆ ಸಾಮಾನ್ಯವಾಗಿ ನೀರು ಒಳಗೆ ಆಡುತ್ತದೆ. ಡಯಾಫ್ರಾಮ್ ಮಾದರಿಯಲ್ಲಿ ರಬ್ಬರಿನ ಪರದೆ ನೀರನ್ನು ಹೊರಗಿಡುತ್ತದೆ, ಬಿಡಿಭಾಗ ಸ್ವಲ್ಪ ಹೆಚ್ಚು. ಗಲ್ಫಿನ ನೀರಿಗೆ ನಮ್ಮ ಮತ ಎರಡನೆಯದಕ್ಕೆ. ಅದಕ್ಕಿಂತ ಮುಖ್ಯವಾದದ್ದು ಬ್ಯಾಲೆನ್ಸ್ಡ್ ಹೌದೋ ಅಲ್ಲವೋ ಎಂಬುದು. ಬ್ಯಾಲೆನ್ಸ್ಡ್ ಅಲ್ಲದ ಫಸ್ಟ್ ಸ್ಟೇಜ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಖಾಲಿಯಾಗುತ್ತ ಬಂದ ಹಾಗೆ ಉಸಿರು ಎಳೆಯುವುದು ಭಾರವಾಗುತ್ತದೆ. ನಿಮಗೆ ದಣಿವಾಗಿರುವುದೂ ಜೊತೆಗಾರನಿಗೆ ಆಕ್ಟೋಪಸ್ ಕೊಡಬೇಕಾಗಿ ಬರುವುದೂ ಆಗಲೇ. ಬ್ಯಾಲೆನ್ಸ್ಡ್ ಆದರೆ 200 ಬಾರಿನಲ್ಲೂ 50ರಲ್ಲೂ ಉಸಿರು ಹೆಚ್ಚುಕಡಿಮೆ ಒಂದೇ. ವರ್ಷಕ್ಕೆರಡು ಸಲ 12 ಮೀಟರಿಗೆ ಇಳಿಯುವವರಿಗೆ ಸರಳ ಪಿಸ್ಟನ್ ಧಾರಾಳ ಸಾಕು. ಬೇರೆಯವರ ಜೀವ ಜೊತೆಗಿಟ್ಟುಕೊಂಡು ಇಳಿಯುವವರು ಬ್ಯಾಲೆನ್ಸ್ಡ್ ಮಾತ್ರ ನೋಡಲಿ.

ಯುರೋಪಿನ ಮಾನದಂಡದ ಗುರುತು ಮೈಮೇಲೆ ಇರುತ್ತದೆ, ಇಎನ್ 250 ಎಂದು. ಅದರ ಮುಂದೆ ಎ ಎಂಬ ಅಕ್ಷರವಿದ್ದರೆ, ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಉಸಿರಾಡುವ ಪರೀಕ್ಷೆಯಲ್ಲೂ ಪಾಸಾಗಿದೆ ಎಂದರ್ಥ. 10 ಡಿಗ್ರಿಗಿಂತ ಬೆಚ್ಚನೆಯ ನೀರಿಗೆ ಮಾತ್ರ ಎಂದು ಬರೆದಿದ್ದರೆ ಇಲ್ಲಿ ಹೆದರಬೇಕಾಗಿಲ್ಲ. ಸಿಲಿಂಡರಿಗೆ ಕೂಡಿಸುವ ಬಾಯಿ ಎರಡು ಥರ: ಹೊರಗಿನಿಂದ ಹಿಡಿದು ಬಿಗಿಯುವ ಯೋಕ್, ಒಳಗೆ ತಿರುಪಿ ಹೋಗುವ ಡಿನ್. ಓ-ರಿಂಗ್ ಒಳಗೆ ಭದ್ರವಾಗಿ ಕೂರುವುದರಿಂದ ಡಿನ್ ಗಟ್ಟಿ. ಬಾಡಿಗೆ ಸಿಲಿಂಡರುಗಳಲ್ಲಿ ನಾವು ಹೆಚ್ಚಾಗಿ ಕಂಡದ್ದು ಯೋಕ್. ಡಿನ್ ಕೊಂಡು ಜೊತೆಗೊಂದು ಯೋಕ್ ಅಡಾಪ್ಟರ್ ಇಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ.

ಬೈಂದೂರಿನ ಹುಡುಗನಿಗೆ ನಾವು ಹೇಳಿದ ಇನ್ನೊಂದು ಮಾತು, ಹಿಂತಿರುಗುವ ಯೋಚನೆಯಲ್ಲಿರುವ ಎಲ್ಲರಿಗೂ ಸಲ್ಲುತ್ತದೆ. ಕೊಳ್ಳುವುದು ಇಲ್ಲಿ, ಬಳಸುವುದು ಅಲ್ಲಿ. ಹಾಗಿದ್ದರೆ ಭಾರತದಲ್ಲಿ ಆ ಕಂಪೆನಿಯ ಸರ್ವಿಸ್ ಮಾಡುವವರಿದ್ದಾರೆಯೇ, ಕಿಟ್ ಸಿಗುತ್ತದೆಯೇ ಎಂದು ಮೊದಲು ಫೋನ್ ಮಾಡಿ ಕೇಳಬೇಕು. ಎಷ್ಟು ಚಂದದ ರೆಗ್ಯುಲೇಟರ್ ಆದರೂ ನಾಲ್ಕು ದಿರ್ಹಮಿನ ಸೀಟ್ ಸಿಗದೆ ಮುರುಡೇಶ್ವರದ ಕಪಾಟಿನಲ್ಲಿ ಕೂತರೆ ಏನು ಬಂತು? ಈ ಕಾರಣಕ್ಕೇ ನಮ್ಮ ಆಯ್ಕೆ ಯಾವತ್ತೂ ಎಲ್ಲ ಕಡೆ ಸಿಗುವ ಹಳೆಯ ಹೆಸರಿನ ನಡು ಬೆಲೆಯ ಮಾದರಿ.

ಇನ್ನು ಕಾಪಾಡುವ ವಿಷಯ. ಇಲ್ಲಿ ನಾವು ಸ್ವಲ್ಪ ಕಟ್ಟುನಿಟ್ಟು.

ಉಪ್ಪು ನೀರಿನಲ್ಲಿ ಕರಗಿರುವಷ್ಟು ಹೊತ್ತು ನಿರುಪದ್ರವಿ. ಒಣಗಿ ಹರಳಾದ ಮೇಲೆ ಅದು ಸೂಜಿ. ದಿಬ್ಬಾ ರಾಕ್, ಅಲ್ ಅಕಾದ ಸ್ನೂಪಿ ದ್ವೀಪ, ಖೋರ್ಫಕ್ಕಾನ್, ಎಲ್ಲಿ ಮುಳುಗಿದರೂ ದುಬೈಗೆ ಹಿಂತಿರುಗಲು ಒಂದೂವರೆ ಎರಡು ತಾಸು. ಅಷ್ಟರಲ್ಲಿ ಎಸಿ ಗಾಳಿಗೆ ರೆಗ್ಯುಲೇಟರ್ ಒಣಗಿ ಹರಳು ಕಟ್ಟುತ್ತದೆ. ಅಲ್ಲಿ ಸಿಹಿನೀರಿನ ತೊಟ್ಟಿ ಇದ್ದರೆ ಅದ್ದಿ, ಇಲ್ಲವಾದರೆ ಒದ್ದೆ ಟವೆಲಿನಲ್ಲಿ ಸುತ್ತಿ ಬಕೆಟ್ಟಿನಲ್ಲಿಟ್ಟು ತನ್ನಿ. ಮನೆಗೆ ಬಂದು ಬೆಚ್ಚನೆಯ ಸಿಹಿನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ. ಬೆಚ್ಚನೆ ಎಂದರೆ ಬೆಚ್ಚನೆ. ಜುಲೈ ತಿಂಗಳಲ್ಲಿ ಟೆರೇಸಿನ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರಿನಲ್ಲಿ ಕೈ ಇಡಲಾಗುವುದಿಲ್ಲ, ಗೊತ್ತಲ್ಲ. ಬೆಳಿಗ್ಗೆಯೇ ಬಕೆಟ್ ತುಂಬಿಟ್ಟು ಹೋಗಿ.

ನೆನೆಸುವ ಮೊದಲು ಫಸ್ಟ್ ಸ್ಟೇಜಿನ ಮುಚ್ಚಳ ಒರೆಸಿ ಒಣಗಿಸಿ ಬಿಗಿ ಹಾಕಬೇಕು. ನೀರಿನೊಳಗೆ ಇರುವಾಗ ಸೆಕೆಂಡ್ ಸ್ಟೇಜಿನ ನಡುವಿನ ಪರ್ಜ್ ಬಟನ್ ಒತ್ತಲೇಬಾರದು. ಸಿಲಿಂಡರಿಗೆ ಸಿಕ್ಕಿಸದೆ ಅದನ್ನು ಒತ್ತಿದರೆ ವಾಲ್ವ್ ತೆರೆದುಕೊಂಡು ನೀರು ಪೈಪಿನ ಮೂಲಕ ನೇರ ಫಸ್ಟ್ ಸ್ಟೇಜಿಗೆ ಹೋಗುತ್ತದೆ. ಬೈಂದೂರಿನ ಹುಡುಗ ಕೊಂಡ ಮಾಲಿನಲ್ಲಿ ಹಸಿರು ಹಿಡಿದದ್ದು ಹೀಗೆಯೂ ಇರಬಹುದು, ಮುಚ್ಚಳ ಹಾಕದೆ ಅದ್ದಿದ್ದೂ ಇರಬಹುದು. ಮುಚ್ಚಳದ ಮೇಲಿನ ನೀರನ್ನು ಸಿಲಿಂಡರಿನ ಗಾಳಿಯಿಂದ ಜೋರಾಗಿ ಊದುವ ಚಟ ಕೆಲವರಿಗಿದೆ. ಹನಿ ಫಿಲ್ಟರಿನೊಳಗೇ ಹೋಗುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು.

ಒಣಗಿಸುವುದು ನೆರಳಿನಲ್ಲಿ. ಬಾಲ್ಕನಿಯ ಬಿಸಿಲು ರಬ್ಬರಿಗೆ ವಿಷ. ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ. ಇನ್ಸುಲಿನ್ ಅನ್ನು ಕಾರಿನಲ್ಲಿ ಬಿಟ್ಟು ಬಂದವರಿಗೆ ನಾವು ಎಷ್ಟು ಸಲ ಬೈದಿದ್ದೇವೋ ಅಷ್ಟೇ ಬೈಗುಳ ರೆಗ್ಯುಲೇಟರ್ ಬಿಟ್ಟು ಬಂದವರಿಗೂ ಇದೆ. ಈಗ ಬಳುಕುವ ನೇಯ್ಗೆಯ ಪೈಪುಗಳು ಬಹಳ ಚಾಲ್ತಿಯಲ್ಲಿವೆ. ಬಿಸಿ ಪ್ರದೇಶಗಳಲ್ಲಿ ಇಂಥ ಕೆಲವು ಪೈಪುಗಳ ಒಳಪದರ ಕೊಳೆತು ಹರಳಾಗಿ, ಗಾಳಿಯ ದಾರಿಗೆ ಅಡ್ಡ ಬರುವುದನ್ನು ಡೈವರುಗಳ ಸುರಕ್ಷತಾ ಸಂಸ್ಥೆ ಡ್ಯಾನ್ ಎಚ್ಚರಿಸಿದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಪೈಪು ಹೊಸದಾಗಿ ಕಂಡರೂ ಅದರ ಮೇಲಿನ ತಯಾರಿಕೆಯ ವರ್ಷ ನೋಡಿ, ಕಂಪೆನಿ ಹೇಳಿದ ಆಯಸ್ಸು ಮುಗಿದ ಮೇಲೆ ಬದಲಿಸಿ. ಔಷಧಿಯ ಎಕ್ಸ್‌ಪೈರಿ ಡೇಟ್ ಇದ್ದಂತೆ.

ಬೆಡ್‌ಸ್ಪೇಸಿನಲ್ಲಿ ಇರುವವರು ಎಲ್ಲಿಡಬೇಕು ಎಂದು ಕೇಳುತ್ತಾರೆ. ಅಗಲದ ಪ್ಲಾಸ್ಟಿಕ್ ಡಬ್ಬದಲ್ಲಿ ಪೈಪುಗಳನ್ನು ದೊಡ್ಡ ಸುತ್ತು ಮಾಡಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ, ಮಂಚದಡಿಯಲ್ಲಿ ಇಡಿ. ಬಿಟ್ಟಿಟ್ಟರೆ ಜಿರಳೆ ಸೆಕೆಂಡ್ ಸ್ಟೇಜಿನೊಳಗೆ ಸಂಸಾರ ಹೂಡುತ್ತದೆ. ನಗಬೇಡಿ, ನಡೆದದ್ದಿದೆ.

ಬಾಯಿಗೆ ಹಾಕುವ ವಸ್ತುವಾದ್ದರಿಂದ ಸೋಂಕಿನ ಮಾತೂ ಹೇಳಬೇಕು. ಬಾಡಿಗೆಗೆ ಪಡೆಯುವವರು ತಮ್ಮದೇ ಸಿಲಿಕೋನ್ ಮೌತ್‌ಪೀಸ್ ಒಂದನ್ನು ಕೊಂಡಿಟ್ಟುಕೊಳ್ಳಲಿ. ಬೆಲೆ ಒಂದು ಊಟದಷ್ಟು. ಕೇಬಲ್ ಟೈ ಕತ್ತರಿಸಿ ಬದಲಿಸಲು ಎರಡು ನಿಮಿಷ, ಮತ್ತೆ ಕೇಬಲ್ ಟೈ ಬಿಗಿಯಲು ಮರೆಯಬಾರದು, ಇಲ್ಲದಿದ್ದರೆ ನೀರಿನಡಿಯಲ್ಲಿ ರಬ್ಬರು ಮಾತ್ರ ಬಾಯಲ್ಲಿ ಉಳಿದೀತು. ತೊಳೆಯುವುದಕ್ಕೆ ಸೋಪು ನೀರು ಮೊದಲು. ಆಮೇಲೆ ಮಗುವಿನ ಹಾಲಿನ ಬಾಟಲಿ ಅದ್ದುವ ದ್ರಾವಣವನ್ನು ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ, ಬರೆದಷ್ಟೇ ಹೊತ್ತು ಬಳಸಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗಟ್ಟಿಯಾಗಿ ಕಲಸಿದರೆ ಇನ್ನೂ ಒಳ್ಳೆಯದೆಂಬ ಭ್ರಮೆ ಬೇಡ, ಲೋಹ ರಬ್ಬರು ಎರಡೂ ಕೆಡುತ್ತವೆ. ಸ್ಪಿರಿಟ್ ಹಚ್ಚಬೇಡಿ, ಕೆಲವು ರಬ್ಬರುಗಳು ಸೀಳುತ್ತವೆ.

ವ್ಯಾಸಲಿನ್ ಅಂತೂ ಬೇಡ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೆಂಕಿ. ಆಮ್ಲಜನಕದ ಸಿಲಿಂಡರಿನ ಹತ್ತಿರ ಎಣ್ಣೆ ಕೈ ತರಬೇಡಿ ಎಂಬುದು ಆಸ್ಪತ್ರೆಯಲ್ಲಿ ಮೊದಲ ದಿನವೇ ಕಲಿಸುವ ಪಾಠ. ಡೈವಿಂಗಿನಲ್ಲೂ ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಬಳಸುತ್ತಾರೆ. ಹೆಚ್ಚಿನ ಕಂಪೆನಿಗಳು ಮಾಮೂಲಿ ರೆಗ್ಯುಲೇಟರಿಗೆ 40 ಶೇಕಡದವರೆಗೆ ಒಪ್ಪಿಗೆ ಕೊಡುತ್ತವೆ, ಅದರ ಮೇಲೆ ವಿಶೇಷ ಶುದ್ಧಿ ಬೇಕು. ನಿಮ್ಮ ಮಾದರಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕಟ್ಟಳೆ. ಯಾವ ಸಿಲಿಂಡರ್ ಆದರೂ ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ಗೇಜಿನ ಗಾಜು ಮುಖದ ಕಡೆಗೆ ಇರದ ಹಾಗೆ ಹಿಡಿದು.

ಈಗ ನಮ್ಮ ಎಸಿ, ಪೈಪಿಂಗ್, ಕಂಪ್ರೆಸರ್ ಕೆಲಸದ ಬಂಧುಗಳಿಗೆ ಒಂದು ಮಾತು. ನೀವು ಕೈಚಳಕದವರು. ಅಡ್ನಾಕಿನ ಪ್ಲಾಂಟುಗಳಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ವಾಲ್ವ್ ಬಿಚ್ಚಿ ಜೋಡಿಸಿದವರು. "ಇದೇನು ಮಾರಾಯ್ರೆ, ನಾಲ್ಕು ಓ-ರಿಂಗ್, ನಾವೇ ಹಾಕುತ್ತೇವೆ" ಎನ್ನಿಸುವುದು ಸಹಜ. ಓ-ರಿಂಗಿನ ಅಳತೆ ಒಂದೇ ಆದರೂ ರಬ್ಬರಿನ ಜಾತಿ, ಗಡಸುತನ ಬೇರೆ. ಎಸಿ ಲೈನಿಗೆ ಹಾಕುವುದು ಇಲ್ಲಿಗೆ ಬರುವುದಿಲ್ಲ. ನಡು ಒತ್ತಡ ಹೊಂದಿಸಲು ಗೇಜ್ ಬೇಕು, ಸರಿಯಾದ ಗ್ರೀಸ್ ಬೇಕು, ಆ ಮಾದರಿಯ ಪುಸ್ತಕ ಬೇಕು, ಕಂಪೆನಿಯ ತರಬೇತಿ ಬೇಕು. ಕಲಿಯಬೇಕೆಂದಿದ್ದರೆ ಆ ತರಬೇತಿಯನ್ನೇ ಪಡೆಯಿರಿ. ನಿಮ್ಮಂಥವರಿಗೆ ಅದು ಒಂದು ಕಸುಬೇ ಆದೀತು, ಹಾಗೆಂದು ಬೈಂದೂರಿನ ಹುಡುಗನಿಗೂ ಹೇಳಿದ್ದೇವೆ. ಸಿಲಿಂಡರನ್ನು ಗ್ಯಾರೇಜಿನ, ಪೇಂಟಿಂಗಿನ ಕಂಪ್ರೆಸರಿನಿಂದ ತುಂಬುವ ಮಾತಂತೂ ಬಾಯಿಗೆ ತರಬೇಡಿ. ಎಣ್ಣೆಯ ಆವಿ, ಕಾರ್ಬನ್ ಮಾನಾಕ್ಸೈಡ್ ಎರಡೂ ಒಳಗೆ ಹೋಗುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆಳದಲ್ಲಿ ಅದರ ವಿಷ ಹೆಚ್ಚುತ್ತದೆ.

ಸರ್ವಿಸ್ ಯಾವಾಗ? ಕಂಪೆನಿ ನೋಡಿಕೊಂಡು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಇಲ್ಲವೇ 100 ಡೈವಿಗೊಮ್ಮೆ, ಯಾವುದು ಮೊದಲೋ ಅದು. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಸರ್ವಿಸ್ ಆಗಿ ಬಂದ ಮೊದಲ ಡೈವನ್ನು ಆಳದಲ್ಲಿ ಮಾಡಬೇಡಿ, ಸೊಂಟದ ನೀರಿನಲ್ಲಿ ಪರೀಕ್ಷಿಸಿ.

ಪ್ರತಿ ಸಲ ಇಳಿಯುವ ಮೊದಲು ನಾವು ಮಾಡುವ ಎರಡು ಪರೀಕ್ಷೆಗಳಿವೆ. ಮುಚ್ಚಳ ಹಾಕಿರುವಾಗ, ಗಾಳಿ ಕೊಡದೆಯೇ, ಸೆಕೆಂಡ್ ಸ್ಟೇಜನ್ನು ಬಾಯಲ್ಲಿಟ್ಟು ಎಳೆಯಿರಿ. ಏನೂ ಬರಬಾರದು, ನಾಲಗೆ ಅಂಟಿದ ಹಾಗಾಗಬೇಕು. ಗಾಳಿ ಬಂದರೆ ಎಲ್ಲೋ ಹರಿದಿದೆ, ಅಲ್ಲಿಂದಲೇ ನೀರೂ ಬರುತ್ತದೆ. ಸಿಲಿಂಡರಿಗೆ ಹಾಕಿ ತೆರೆದ ಮೇಲೆ ಗೇಜ್ ನೋಡುತ್ತ ನಾಲ್ಕು ಆಳವಾದ ಉಸಿರು ಎಳೆಯಿರಿ. ಮುಳ್ಳು ಅಲ್ಲೇ ನಿಂತಿರಬೇಕು. ಉಸಿರಿನೊಂದಿಗೆ ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿದೆ. ಆಕ್ಟೋಪಸ್ಸಿಗೂ ಇದೇ ಎರಡು. ಅದನ್ನು ಯಾರೂ ಪರೀಕ್ಷಿಸುವುದಿಲ್ಲ, ಬೇಕಾಗುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ಗಳಿಗೆಯಲ್ಲಿ.

ಔಷಧಿ ಅಂಕಣವಾದ್ದರಿಂದ ಇಷ್ಟು ಸೇರಿಸುತ್ತೇವೆ. ನೆಗಡಿಗೆ ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯಬೇಡಿ. ಅದರ ಪ್ರಭಾವ ನೀರಿನಡಿಯಲ್ಲೇ ಮುಗಿದರೆ ಮೇಲೆ ಬರುವಾಗ ಕಿವಿ, ಸೈನಸ್ಸಿನೊಳಗಿನ ಗಾಳಿ ಸಿಕ್ಕಿಬೀಳುತ್ತದೆ. ದೋಣಿಯ ವಾಂತಿಗೆ ಕೊಡುವ ಮಾತ್ರೆಗಳಲ್ಲಿ ನಿದ್ದೆ ಬರಿಸುವವೇ ಹೆಚ್ಚು, ಮನೆಯಲ್ಲಿ ಒಂದು ಸಲ ತೆಗೆದುಕೊಂಡು ನೋಡದೆ ದೋಣಿಯಲ್ಲಿ ಮೊದಲ ಬಾರಿ ಬೇಡ. ಅಸ್ತಮಾ, ಹೃದಯದ ಔಷಧಿ ತೆಗೆದುಕೊಳ್ಳುವವರು ಡೈವಿಂಗ್ ತಿಳಿದ ವೈದ್ಯರ ಒಪ್ಪಿಗೆ ಪಡೆಯಲಿ. ರಜೆಗೆ ಊರಿಗೆ ಹೊರಡುವ ಮೊದಲು ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ 18 ಗಂಟೆಯಾದರೂ ಇರಲಿ. ಇಲ್ಲಿನ ಕೋಸ್ಟ್ ಗಾರ್ಡಿಗೆ 996, ಆಂಬ್ಯುಲೆನ್ಸಿಗೆ 998, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಬೈಂದೂರಿನ ಹುಡುಗ ಈಗ ಬಾಡಿಗೆ ರೆಗ್ಯುಲೇಟರಿನಲ್ಲೇ, ತನ್ನದೇ ಮೌತ್‌ಪೀಸ್ ಹಾಕಿಕೊಂಡು ಕೋರ್ಸು ಮುಂದುವರಿಸುತ್ತಿದ್ದಾನೆ. ಹಳೆಯದನ್ನು ಮತ್ತೊಬ್ಬರಿಗೆ ಮಾರದೆ, ಬಿಚ್ಚಿ ಒಳಗೇನಿದೆ ಎಂದು ಕಲಿಯಲು ಇಟ್ಟುಕೊಂಡಿದ್ದಾನೆ. ಹೊಸದಕ್ಕೆ ತಿಂಗಳಿಗಿಷ್ಟು ಎಂದು ತೆಗೆದಿಡುತ್ತಿದ್ದಾನೆ. ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕಬಾರದು ಎಂದು ಹೇಳಿದ್ದೇವೆ. ನೇತ್ರಾಣಿಯಲ್ಲಿ ಮಳೆಗಾಲ ಪೂರ್ತಿ ಡೈವಿಂಗ್ ನಿಂತಿರುತ್ತದೆ. ಕರಾವಳಿಯ ಆ ತೇವದಲ್ಲಿ ನಾಲ್ಕು ತಿಂಗಳು ಇಟ್ಟ ರೆಗ್ಯುಲೇಟರಿನ ಡಯಾಫ್ರಾಮಿನ ಮೇಲೆ ಬೂಸ್ಟು ಬರುತ್ತದೆ. ಮೇ ಕೊನೆಯಲ್ಲಿ ತೊಳೆದು, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬ ಮುಚ್ಚಬೇಕು. ಸೀಸನ್ನಿನ ಮೊದಲ ದೋಣಿ ಹೊರಡುವ ಮುಂಚೆ ಸರ್ವಿಸ್ ಮುಗಿದಿರಬೇಕು.